ವಾಳಯಾರಿನ ಆಚೆ ಈಚೆ: ರೋಗದ ಲೆಕ್ಕವೂ ಸಾವಿನ ಲೆಕ್ಕವೂ

ಭಾರತದ ರಿಜಿಸ್ಟ್ರಾರ್ ಜನರಲರ ಕಚೇರಿಯು 2021ನೇ ಇಸವಿಯ ಜನನ-ಮರಣ ನೋಂದಾವಣೆಯ ವರದಿಯನ್ನು 2025ರ ಮೇ ತಿಂಗಳಲ್ಲಿ ಹೊರತಂದಿತು. ಇಷ್ಟು ವರ್ಷ ತಡೆದು ಬಂದ ವರದಿಯನ್ನು ಯಾರು ಓದುತ್ತಾರೆ? ಪತ್ರಿಕೆಗಳಲ್ಲಿ ಎರಡು ದಿನ ಸುದ್ದಿಯಾಗಿ ಅದು ಮರೆಯಾಯಿತು. ಆದರೆ ಅದರೊಳಗಿನ ಮೂರು ಸಂಖ್ಯೆಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ ಅಷ್ಟು ಸುಲಭವಾಗಿ ಅದನ್ನು ಮರೆಯಲಾಗದು. ದೇಶದಲ್ಲಿ ನೋಂದಾವಣೆಯಾದ ಮರಣಗಳು 2019ರಲ್ಲಿ ಸುಮಾರು 76 ಲಕ್ಷ, 2020ರಲ್ಲಿ 81 ಲಕ್ಷ, 2021ರಲ್ಲಿ ಒಂದು ಕೋಟಿ ಎರಡು ಲಕ್ಷ. ಅಂದರೆ ಒಂದೇ ವರ್ಷದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚಿನ ಏರಿಕೆ. ಆ ವರ್ಷ ಕೋವಿಡಿನಿಂದ ಸತ್ತವರೆಂದು ಸರಕಾರದ ದಿನದಿನದ ಪ್ರಕಟಣೆಗಳು ಹೇಳಿದ್ದು ಮೂರೂಕಾಲು ಲಕ್ಷದ ಆಸುಪಾಸು ಮಾತ್ರ.

ಈ ಏರಿಕೆಯೆಲ್ಲ ಕೋವಿಡಿನದೇ ಎಂದು ನಾವು ಹೇಳುವುದಿಲ್ಲ. ನೋಂದಾವಣೆ ಮಾಡಿಸುವವರ ಸಂಖ್ಯೆಯೇ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಬೇರೆ ರೋಗದವರು ಆಸ್ಪತ್ರೆಗೆ ಹೋಗಲಾಗದೆ ತೀರಿಕೊಂಡದ್ದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯು 2022ರ ಮೇಯಲ್ಲಿ ಭಾರತದ ಹೆಚ್ಚುವರಿ ಸಾವುಗಳನ್ನು 47 ಲಕ್ಷವೆಂದು ಅಂದಾಜು ಮಾಡಿದಾಗ ನಮ್ಮ ಸರಕಾರ ಅದನ್ನು ಒಪ್ಪಲಿಲ್ಲ, ಲೆಕ್ಕದ ವಿಧಾನವೇ ಸರಿಯಲ್ಲವೆಂದಿತು. ವಿಧಾನದ ಜಗಳ ಏನೇ ಇರಲಿ, ಸ್ವಂತ ನೋಂದಾವಣೆಯ ಪುಸ್ತಕವೇ ಈಗ ಎದುರಿಗಿದೆ. ಆ ಎರಡು ವರ್ಷ ಬೆಳಿಗ್ಗೆ ಸಂಜೆ ನಾವು ಓದುತ್ತಿದ್ದ, ಅದನ್ನೇ ನಂಬಿ ನೆರೆಯವರನ್ನು ಹೊಗಳುತ್ತಲೋ ದೂರುತ್ತಲೋ ಇದ್ದ ಪಟ್ಟಿಗಳಿಗೆ ಎಷ್ಟು ಬೆಲೆ ಕೊಡಬೇಕೆಂಬ ಪ್ರಶ್ನೆಯನ್ನು ಈಗಲಾದರೂ ಕೇಳಬೇಕಾಗಿದೆ.

ಕಾಸರಗೋಡಿನ ನಮಗೆ ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ಆ ಪಟ್ಟಿಗಳ ಬಲದಿಂದಲೇ ತಲಪಾಡಿಯಲ್ಲಿ ನಮ್ಮನ್ನು ತಡೆದು ನಿಲ್ಲಿಸಲಾಯಿತು. 2020ರ ಮಾರ್ಚ್ ಕೊನೆಯಲ್ಲಿ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದ್ದು, ಮಂಗಳೂರಿನ ಆಸ್ಪತ್ರೆಗಳಿಗೆ ತಲಪಲಾಗದೆ ನಮ್ಮ ಜಿಲ್ಲೆಯ ಹಲವರು ದಾರಿಯಲ್ಲೂ ಮನೆಯಲ್ಲೂ ತೀರಿಕೊಂಡದ್ದು, ವಿಷಯ ಕೇರಳ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋದದ್ದು ವಾಚಕರಿಗೆ ನೆನಪಿದೆ. 2021ರ ಫೆಬ್ರವರಿಯಲ್ಲಿ ಒಮ್ಮೆ, ಆಗಸ್ಟಿನಲ್ಲಿ ಮತ್ತೊಮ್ಮೆ, ಆರ್‌ಟಿಪಿಸಿಆರ್ ಚೀಟಿ ಇಲ್ಲದವರು ಗಡಿ ದಾಟುವಂತಿಲ್ಲವೆಂದಾಯಿತು. ಕಾರಣ: ಕೇರಳದಲ್ಲಿ ರೋಗ ಹೆಚ್ಚು. ಕಾಲೇಜಿಗೆ ಹೋಗುವ ಮಕ್ಕಳು, ಅಡಿಕೆ ಮಾರಲು ಹೋಗುವವರು, ಡಯಾಲಿಸಿಸಿಗೆ ಹೋಗುವವರು ಎಲ್ಲರೂ ಆ ಒಂದು ವಾಕ್ಯದ ಅಡಿಯಲ್ಲಿ ಬಂದರು. ಹಾಗಾದರೆ ಕೇರಳದಲ್ಲಿ ರೋಗ ನಿಜವಾಗಿಯೂ ಹೆಚ್ಚಿತ್ತೇ?

ಇದಕ್ಕೆ ಉತ್ತರ ಹುಡುಕಲು ತಲಪಾಡಿಯನ್ನು ಬಿಟ್ಟು ಕೇರಳದ ಇನ್ನೊಂದು ಬಾಗಿಲಾದ ವಾಳಯಾರಿಗೆ ಹೋಗುವುದು ಒಳ್ಳೆಯದು. ನಮ್ಮ ಸಿಟ್ಟು ಅಲ್ಲಿಲ್ಲದ ಕಾರಣ ಲೆಕ್ಕ ಸ್ವಲ್ಪ ತಣ್ಣಗೆ ಕಾಣಿಸೀತು. ವಾಳಯಾರಿನ ಈಚೆ ಪಾಲಕ್ಕಾಡು, ಆಚೆ ಕೊಯಮತ್ತೂರು, ಅದಕ್ಕೆ ಹೊಂದಿಕೊಂಡು ತಿರುಪ್ಪೂರು. ಕೊಯಮತ್ತೂರು ನಮಗೆ ತೀರ ಪರಕೀಯವೂ ಅಲ್ಲ. ಕೊಳ್ಳೇಗಾಲ ತಾಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಯದ್ದಾಗಿತ್ತು; ಆ ವರ್ಷ ನವೆಂಬರ್ ಒಂದರಂದು ಕೊಳ್ಳೇಗಾಲ ಮೈಸೂರಿಗೆ ಸೇರಿದ ದಿನವೇ ಕಾಸರಗೋಡು ಕೇರಳಕ್ಕೆ ಸೇರಿತು. ನೇಕಾರಿಕೆಯ ದೇವಾಂಗದವರು, ಒಕ್ಕಲಿಗರು ಅಲ್ಲಿ ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಆಡುತ್ತ, ಬರೆಯುವುದೆಲ್ಲವನ್ನೂ ತಮಿಳಿನಲ್ಲಿ ಬರೆಯುತ್ತ ಬಾಳಿದ್ದಾರೆ. ಅವರ ಕನ್ನಡ ಕೇಳಿದರೆ ನಮ್ಮ ಮಕ್ಕಳು ನಕ್ಕಾರು, ನಮ್ಮ ಕನ್ನಡ ಕೇಳಿ ಅವರೂ ನಕ್ಕಾರು. ಅದು ಬೇರೆ ಮಾತು.

ವಾಳಯಾರಿನಲ್ಲಿಯೂ ತಲಪಾಡಿಯ ನಾಟಕವೇ ನಡೆಯಿತು, ಪಾತ್ರಗಳು ಮಾತ್ರ ಬದಲಾದವು. 2020ರ ಮೇಯಲ್ಲಿ ತಮಿಳುನಾಡಿನಿಂದ ಊರಿಗೆ ಬರುತ್ತಿದ್ದ ಮಲಯಾಳಿಗಳನ್ನು ಪಾಸ್ ಇಲ್ಲವೆಂದು ಕೇರಳದವರೇ ಅಲ್ಲಿ ತಡೆದರು. ಚೆನ್ನೈಯಲ್ಲಿ ರೋಗ ಹೆಚ್ಚೆಂಬ ಭಯ. ಮರುವರ್ಷ ಆಗಸ್ಟಿನಲ್ಲಿ ಗಾಳಿ ತಿರುಗಿತು. ಕೇರಳದಿಂದ ಬರುವವರಿಗೆ ಆರ್‌ಟಿಪಿಸಿಆರ್ ಬೇಕೆಂದು ತಮಿಳುನಾಡು ವಿಧಿಸಿತು. ಈ ಎರಡರ ನಡುವೆ, 2021ರ ಮೇಯಲ್ಲಿ, ವಾಳಯಾರಿನ ಪಕ್ಕದ ಕಂಜಿಕ್ಕೋಡಿನ ಕಾರ್ಖಾನೆಯಿಂದ ಆಮ್ಲಜನಕ ತುಂಬಿದ ಟ್ಯಾಂಕರುಗಳು ತಮಿಳುನಾಡಿನತ್ತ ಹೋಗುತ್ತಿದ್ದವು. ಆ ತಿಂಗಳ ಹತ್ತರ ನಂತರ ಹೊರಗೆ ಕಳುಹಿಸುವುದು ಕಷ್ಟವೆಂದು ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಪ್ರಧಾನಮಂತ್ರಿಗೆ ಬರೆಯಬೇಕಾಯಿತು. ಅದೇ ದಿನಗಳಲ್ಲಿ ಮಂಗಳೂರಿನಿಂದ ಕಾಸರಗೋಡಿಗೆ ಬರುತ್ತಿದ್ದ ಆಮ್ಲಜನಕ ನಿಂತು, ಇಲ್ಲಿಯ ಜನ ತಮ್ಮಲ್ಲಿದ್ದ ಸಿಲಿಂಡರುಗಳನ್ನು ಆಸ್ಪತ್ರೆಗಳಿಗೆ ತಂದುಕೊಟ್ಟರು.

ನೂರರಲ್ಲಿ ಎಷ್ಟು ಮಂದಿ?

ಈಗ ಲೆಕ್ಕಕ್ಕೆ ಬರೋಣ. 2021ರ ಜೂನ್-ಜುಲೈಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ನಾಲ್ಕನೆಯ ಬಾರಿಗೆ ದೇಶಾದ್ಯಂತ ರಕ್ತಪರೀಕ್ಷೆ ನಡೆಸಿತು. ರೋಗ ಬಂದು ಹೋದವರ, ಇಲ್ಲವೇ ಲಸಿಕೆ ಪಡೆದವರ ರಕ್ತದಲ್ಲಿ ಉಳಿಯುವ ಪ್ರತಿಕಾಯಗಳನ್ನು ನೋಡುವ ಪರೀಕ್ಷೆ ಅದು. ಎಪ್ಪತ್ತು ಜಿಲ್ಲೆಗಳನ್ನು ಆಯ್ದುಕೊಂಡಿದ್ದರು. ಕೊಯಮತ್ತೂರು ತಮಿಳುನಾಡಿನ ಪಾಲಿನ ಮೂರರಲ್ಲಿ ಒಂದು. ಪಾಲಕ್ಕಾಡು ಕೇರಳದ ಪಾಲಿನ ಮೂರರಲ್ಲಿ ಒಂದು. ಅಂದರೆ ವಾಳಯಾರಿನ ಎರಡೂ ಬದಿಯ ರಕ್ತ ಒಂದೇ ಅಳತೆಗೋಲಿಗೆ ಸಿಕ್ಕಿತು. ಕಾಸರಗೋಡು ಆ ಪಟ್ಟಿಯಲ್ಲಿರಲಿಲ್ಲ, ದಕ್ಷಿಣ ಕನ್ನಡವೂ ಇರಲಿಲ್ಲ.

ಫಲಿತಾಂಶವಿದು: ಇಡೀ ದೇಶದಲ್ಲಿ ನೂರಕ್ಕೆ 67.6 ಮಂದಿಯಲ್ಲಿ ಪ್ರತಿಕಾಯಗಳಿದ್ದವು. ಕರ್ನಾಟಕದಲ್ಲಿ 69.8, ತಮಿಳುನಾಡಿನಲ್ಲಿ 69.2. ಕೇರಳದಲ್ಲಿ 44.4, ಅದು ದೇಶದಲ್ಲೇ ಕಡಿಮೆ.

ಇಲ್ಲಿ ಒಂದು ಸಾದಾ ಗುಣಾಕಾರ-ಭಾಗಾಕಾರ ಮಾಡಬಹುದು. ಎಂಟನೆಯ ತರಗತಿಯ ಮಕ್ಕಳು ಮಾಡುವಷ್ಟೇ ಕಷ್ಟದ್ದು. ಕೇರಳದ ಜನಸಂಖ್ಯೆ ಸುಮಾರು ಮೂರೂವರೆ ಕೋಟಿ. ನೂರಕ್ಕೆ 44.4ರಂತೆ ಸುಮಾರು ಒಂದು ಕೋಟಿ 55 ಲಕ್ಷ ಮಂದಿಯಲ್ಲಿ ಪ್ರತಿಕಾಯ. ಆ ಜೂನ್ ಕೊನೆಗೆ ಕೇರಳದ ಪಟ್ಟಿಯಲ್ಲಿದ್ದ ರೋಗಿಗಳು ಸುಮಾರು 29 ಲಕ್ಷ. ಹಾಗಾದರೆ ಐದೂಚಿಲ್ಲರೆ ಮಂದಿಯಲ್ಲಿ ಒಬ್ಬನನ್ನು ಸರಕಾರ ಕಂಡುಹಿಡಿದಿತ್ತು. ಕರ್ನಾಟಕದಲ್ಲಿ 6.7 ಕೋಟಿ ಜನರಲ್ಲಿ ಸುಮಾರು ನಾಲ್ಕು ಕೋಟಿ 68 ಲಕ್ಷ ಮಂದಿಗೆ ಪ್ರತಿಕಾಯ. ಪಟ್ಟಿಯಲ್ಲಿದ್ದವರು 28 ಲಕ್ಷದ ಚಿಲ್ಲರೆ. ಹದಿನಾರು ಮಂದಿಯಲ್ಲಿ ಒಬ್ಬ. ತಮಿಳುನಾಡಿನಲ್ಲಿ 7.6 ಕೋಟಿಯಲ್ಲಿ ಐದೂಕಾಲು ಕೋಟಿ. ಪಟ್ಟಿಯಲ್ಲಿ ಸುಮಾರು 25 ಲಕ್ಷ. ಇಪ್ಪತ್ತೊಂದು ಮಂದಿಯಲ್ಲಿ ಒಬ್ಬ. ಲಸಿಕೆಯಿಂದ ಬಂದ ಪ್ರತಿಕಾಯಗಳೂ ಇದರಲ್ಲಿ ಸೇರಿರುವುದರಿಂದ ಲೆಕ್ಕ ಕರಾರುವಾಕ್ಕಲ್ಲ. ಆರು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಪರೀಕ್ಷಿಸಿರಲಿಲ್ಲ. ಮೂರು ಜಿಲ್ಲೆಗಳಿಂದ ಇಡೀ ರಾಜ್ಯವನ್ನು ಅಳೆದದ್ದೂ ಹೌದು. ಆದರೂ ಐದಕ್ಕೂ ಇಪ್ಪತ್ತೊಂದಕ್ಕೂ ಇರುವ ಅಂತರ ಇಂಥ ಸಣ್ಣಪುಟ್ಟ ತಿದ್ದುಪಡಿಯಿಂದ ಅಳಿಸಿಹೋಗುವಂಥದ್ದಲ್ಲ.

ಇದರ ಅರ್ಥವನ್ನು ಬಿಡಿಸಿ ಹೇಳಬೇಕು. ಆ ಆಗಸ್ಟಿನಲ್ಲಿ ಕೇರಳದ ದಿನದ ಸಂಖ್ಯೆ ಇಡೀ ದೇಶದ ಸಂಖ್ಯೆಯ ಅರ್ಧದಷ್ಟಿತ್ತು, ನಿಜ. ಅದಕ್ಕೆ ಎರಡು ಕಾರಣಗಳು. ಒಂದು, ನೆರೆಯವರಲ್ಲಿ ರೋಗ ಮೇಯಲ್ಲೇ ಬಿರುಗಾಳಿಯಂತೆ ಬೀಸಿ ಹೋಗಿತ್ತು. ಕೇರಳದಲ್ಲಿ ಅದುವರೆಗೆ ರೋಗ ತಾಗದವರೇ ಅರ್ಧಕ್ಕಿಂತ ಹೆಚ್ಚಾಗಿದ್ದರು. ಎರಡು, ಬಂದ ರೋಗವನ್ನು ಕೇರಳ ಹುಡುಕಿ ಬರೆದುಕೊಳ್ಳುತ್ತಿತ್ತು. ತಲಪಾಡಿಯಲ್ಲೂ ವಾಳಯಾರಿನಲ್ಲೂ ಚೀಟಿ ಕೇಳಿದವರು ಪ್ರಾಮಾಣಿಕವಾಗಿ ಬರೆದುಕೊಂಡವರನ್ನು ದಂಡಿಸಿದಂತಾಯಿತು. ಹಾಗೆಂದು ಕೇರಳ ಸರಕಾರವನ್ನು ಹೊತ್ತು ಕುಣಿಯಬೇಕಾಗಿಯೂ ಇಲ್ಲ. ಗುಣಮಟ್ಟ ಕಡಿಮೆಯ ಆಂಟಿಜೆನ್ ಪರೀಕ್ಷೆಯನ್ನು ಇಲ್ಲಿ ಧಾರಾಳವಾಗಿ ಬಳಸಿದರು. ತಮಿಳುನಾಡು ಬಹುಮಟ್ಟಿಗೆ ಆರ್‌ಟಿಪಿಸಿಆರ್ ಒಂದನ್ನೇ ನೆಚ್ಚಿಕೊಂಡಿತ್ತು. ಪರೀಕ್ಷೆಗಳ ಸಂಖ್ಯೆಯಲ್ಲಿ ತಮಿಳುನಾಡು ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಯಾರನ್ನು ಪರೀಕ್ಷಿಸಿದರು, ಯಾರು ಪರೀಕ್ಷೆಗೆ ಬರಲಿಲ್ಲ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ತಿಳಿಯಲು ಕೊಯಮತ್ತೂರಿನ ಬಸ್ಸು ಹತ್ತಿ ಐವತ್ತು ಕಿಲೋಮೀಟರು ಮುಂದೆ ತಿರುಪ್ಪೂರಿಗೆ ಹೋಗಬೇಕು.

ಒಂದೇ ಜಿಲ್ಲೆಯಾಗಿದ್ದ ಎರಡು ಜಿಲ್ಲೆಗಳು

ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾದದ್ದು 2009ರಲ್ಲಿ, ಕೊಯಮತ್ತೂರು ಮತ್ತು ಈರೋಡು ಜಿಲ್ಲೆಗಳ ಭಾಗಗಳನ್ನು ಸೇರಿಸಿ. ಮಾತು ಒಂದು, ಊಟ ಒಂದು, ಹತ್ತಿ ಒಂದು. ಕೊಯಮತ್ತೂರಿನ ಗಿರಣಿಯಲ್ಲಿ ನೂಲಾದದ್ದು ತಿರುಪ್ಪೂರಿನಲ್ಲಿ ಬನಿಯನ್ನು ಆಗುತ್ತದೆ. ಸೋಮನೂರು, ಪಲ್ಲಡಂಗಳ ಮಗ್ಗಗಳು ನಡುವೆ ಸದ್ದು ಮಾಡುತ್ತಿರುತ್ತವೆ. 2011ರ ಜನಗಣತಿಯಂತೆ ಕೊಯಮತ್ತೂರಿನಲ್ಲಿ 34.6 ಲಕ್ಷ, ತಿರುಪ್ಪೂರಿನಲ್ಲಿ 24.8 ಲಕ್ಷ ಜನ. (2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲೇ ಇಲ್ಲವಾದ್ದರಿಂದ ಹಳೆಯ ಲೆಕ್ಕವನ್ನೇ ಬಳಸಬೇಕಾಗಿದೆ.)

ಎಲ್ಲ ಅಲೆಗಳೂ ಮುಗಿದ ಮೇಲೆ ಸರಕಾರಿ ಪಟ್ಟಿಯಲ್ಲಿ ಕೊಯಮತ್ತೂರಿನ ರೋಗಿಗಳು ಮೂರು ಲಕ್ಷವನ್ನು ಬಹಳವೇ ದಾಟಿದ್ದರು. ತಿರುಪ್ಪೂರಿನವರು ಒಂದೂಕಾಲು ಲಕ್ಷದ ಮೇಲೆ. ಸಾವುಗಳು ಕೊಯಮತ್ತೂರಿನಲ್ಲಿ 2,600ರ ಆಸುಪಾಸು, ತಿರುಪ್ಪೂರಿನಲ್ಲಿ ಸಾವಿರಕ್ಕೆ ತುಸು ಮೇಲೆ. ಜನಸಂಖ್ಯೆಗೆ ಹೋಲಿಸಿದರೆ ಕೊಯಮತ್ತೂರಿನಲ್ಲಿ ರೋಗವೂ ಸಾವೂ ತಿರುಪ್ಪೂರಿನ ಒಂದೂಮುಕ್ಕಾಲು ಪಟ್ಟಿನ ಹತ್ತಿರ. ಪಟ್ಟಿಯನ್ನು ಮಾತ್ರ ನೋಡುವವರು, ತಿರುಪ್ಪೂರು ಆರೋಗ್ಯದಲ್ಲಿ ಮುಂದೆ ಎನ್ನಬೇಕು. ಇಕ್ಕಟ್ಟಿನ ಕೋಣೆಗಳಲ್ಲಿ ಆರೆಂಟು ಮಂದಿ ಮಲಗುವ, ಹೊಲಿಗೆ ಯಂತ್ರಗಳ ಸಾಲಿನಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ದುಡಿಯುವ ಆ ಪೇಟೆಯನ್ನು ಕಂಡವರು ಯಾರೂ ಹಾಗೆನ್ನಲಾರರು.

ಕೊಯಮತ್ತೂರಿನಲ್ಲಿ ಖಾಸಗಿ ಆಸ್ಪತ್ರೆಗಳೂ ಪ್ರಯೋಗಾಲಯಗಳೂ ಬೀದಿಗೊಂದರಂತೆ ಇವೆ. ಸಿಂಗಾನಲ್ಲೂರಿನ ಇ.ಎಸ್.ಐ. ಆಸ್ಪತ್ರೆಯನ್ನು ಮೊದಲ ದಿನಗಳಿಂದಲೇ ಕೋವಿಡಿಗೆಂದು ಮೀಸಲಿಟ್ಟಿದ್ದರು. ತಿರುಪ್ಪೂರಿನ, ನೀಲಗಿರಿಯ ರೋಗಿಗಳನ್ನೂ ಅಲ್ಲಿಗೇ ತರುತ್ತಿದ್ದರು. ಗಿರಣಿ ಕೆಲಸಗಾರರ ಸಂಬಳದಿಂದ ತಿಂಗಳು ತಿಂಗಳು ಹಿಡಿದ ಕಾಸಿನಿಂದ ನಡೆಯುವ ವಿಮಾ ಯೋಜನೆಯ ಹೆಸರಿನ ಆಸ್ಪತ್ರೆ ಆಪತ್ತಿನಲ್ಲಿ ಇಡೀ ಕೊಂಗುನಾಡಿಗೆ ಆಸರೆಯಾದದ್ದು ಸಣ್ಣ ಮಾತಲ್ಲ. ತಿರುಪ್ಪೂರಿಗೆ ಸರಕಾರಿ ಮೆಡಿಕಲ್ ಕಾಲೇಜಿನ ಉದ್ಘಾಟನೆಯಾದದ್ದು 2022ರ ಜನವರಿಯಲ್ಲಿ, ಎರಡನೆಯ ಅಲೆ ಹೋಗಿ ಏಳೆಂಟು ತಿಂಗಳಾದ ಮೇಲೆ.

ಇನ್ನು ಕೆಲಸಗಾರನ ವಿಷಯ. ಬನಿಯನ್ ಕಂಪನಿಯಲ್ಲಿ ತುಂಡಿಗಿಷ್ಟು ಎಂದು ಕೂಲಿ ಪಡೆಯುವವನು ಜ್ವರ ಬಂದರೆ ಪರೀಕ್ಷೆಗೆ ಹೋಗುವನೇ? ರೋಗವೆಂದು ತಿಳಿದರೆ ಅವನಿಗೆ ಹದಿನಾಲ್ಕು ದಿನದ ಕೂಲಿ ಇಲ್ಲ, ಜೊತೆಯವರಿಗೂ ಇಲ್ಲ, ಯೂನಿಟ್ಟೇ ಮುಚ್ಚೀತು. ಅವನು ಮಾತ್ರೆ ನುಂಗಿ ಸುಮ್ಮನಾಗುತ್ತಾನೆ. ಬಿಹಾರ, ಒಡಿಶಾ, ಜಾರ್ಖಂಡಗಳಿಂದ ಬಂದ ಲಕ್ಷಾಂತರ ಮಂದಿ 2020ರ ಮೇಯಲ್ಲಿ ಶ್ರಮಿಕ ರೈಲುಗಳಲ್ಲಿ ಊರಿಗೆ ಹಿಂತಿರುಗಿದರು. ತಿರುಪ್ಪೂರಿನಲ್ಲಿ ಹತ್ತಿದ ಸೋಂಕು ಊರು ಸೇರಿದ ಮೇಲೆ ಕಾಣಿಸಿಕೊಂಡರೆ ಆ ಲೆಕ್ಕ ಎಲ್ಲಿಗೆ ಹೋಯಿತು? ತಿರುಪ್ಪೂರಿನ ಪುಸ್ತಕದಲ್ಲಂತೂ ಇರಲಾರದು. ಹೀಗೆ ಸಂಖ್ಯೆ ಕಡಿಮೆಯಾದದ್ದು ರೋಗ ಕಡಿಮೆಯಾಗಿ ಅಲ್ಲ, ರೋಗಿಯು ತನ್ನನ್ನು ತೋರಿಸಿಕೊಳ್ಳಲಾರದೆ ಹೋದದ್ದರಿಂದ ಎಂಬುದು ನಮ್ಮ ಅಭಿಪ್ರಾಯ.

ಸರಕಾರವೂ ಇದನ್ನು ಒಳಗೊಳಗೇ ಒಪ್ಪಿತ್ತೆಂದು ತೋರುತ್ತದೆ. 2021ರ ಮೇ ಕೊನೆಯ ವಾರದಲ್ಲಿ ಕೊಯಮತ್ತೂರಿನ ದಿನದ ಸಂಖ್ಯೆ ನಾಲ್ಕು ಸಾವಿರ ದಾಟಿ ಚೆನ್ನೈಯನ್ನೇ ಹಿಂದಿಕ್ಕಿತು. ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅಧಿಕಾರ ವಹಿಸಿ ತಿಂಗಳೂ ತುಂಬಿರಲಿಲ್ಲ. ಮೇ 30ರಂದು ರಕ್ಷಾಕವಚ ತೊಟ್ಟು ಇ.ಎಸ್.ಐ. ಆಸ್ಪತ್ರೆಯ ವಾರ್ಡಿನೊಳಗೇ ಹೋದರು. ಪ್ರಚಾರವೆಂದರು ಕೆಲವರು, ಆದರೂ ಹೋದದ್ದು ಹೌದು. ಜೂನ್ 7ರಿಂದ ರಾಜ್ಯದ ಉಳಿದೆಡೆ ನಿರ್ಬಂಧ ಸಡಿಲವಾದಾಗ ಹನ್ನೊಂದು ಜಿಲ್ಲೆಗಳಲ್ಲಿ ಬಿಗಿ ಮುಂದುವರಿಯಿತು. ಆ ಹನ್ನೊಂದರಲ್ಲಿ ಕೊಯಮತ್ತೂರಿನ ಜೊತೆ ತಿರುಪ್ಪೂರೂ ಇತ್ತು. ಹದಿನೆಂಟರಿಂದ ನಲವತ್ತನಾಲ್ಕು ವಯಸ್ಸಿನವರಿಗೆ ಲಸಿಕೆ ಹಾಕುವ ಕೆಲಸವನ್ನು ಮೇ 20ರಂದು ರಾಜ್ಯದಲ್ಲಿ ಪ್ರಾರಂಭಿಸಿದ್ದೂ ತಿರುಪ್ಪೂರಿನಲ್ಲೇ.

ಸತ್ತವರನ್ನು ಎಣಿಸುವುದು

ರೋಗಿಗಳ ಸಂಖ್ಯೆಯಲ್ಲಿ ಗೊಂದಲವಿದ್ದರೆ ಸತ್ತವರ ಸಂಖ್ಯೆಯನ್ನಾದರೂ ನಂಬೋಣವೆನ್ನಬಹುದು. ಅಲ್ಲಿ ಗೊಂದಲ ಇನ್ನೂ ಹೆಚ್ಚು. ಕೊನೆಯ ಪಟ್ಟಿಗಳಂತೆ ಕೇರಳದಲ್ಲಿ ಸತ್ತವರು ಸುಮಾರು 72 ಸಾವಿರ, ಕರ್ನಾಟಕದಲ್ಲಿ 40 ಸಾವಿರ, ತಮಿಳುನಾಡಿನಲ್ಲಿ 38 ಸಾವಿರ. ಜನಸಂಖ್ಯೆಯಿಂದ ಭಾಗಿಸಿದರೆ ಲಕ್ಷಕ್ಕೆ ಕೇರಳದಲ್ಲಿ ಇನ್ನೂರರ ಮೇಲೆ, ಕರ್ನಾಟಕದಲ್ಲಿ ಅರುವತ್ತು, ತಮಿಳುನಾಡಿನಲ್ಲಿ ಐವತ್ತು. ದೇಶದಲ್ಲೇ ಅತಿ ಕಡಿಮೆ ಮಂದಿಗೆ ಸೋಂಕು ತಾಗಿದ ರಾಜ್ಯದಲ್ಲಿ ನೆರೆಯವರ ನಾಲ್ಕು ಪಟ್ಟು ಸಾವೇ? ಕೇರಳದಲ್ಲಿ ವೃದ್ಧರು ಹೆಚ್ಚೆಂಬುದು ನಿಜ. ನೂರಕ್ಕೆ ಹದಿನಾರೂವರೆ ಮಂದಿ ಅರುವತ್ತು ದಾಟಿದವರು, ತಮಿಳುನಾಡಿನಲ್ಲಿ ಹದಿಮೂರೂವರೆಯಷ್ಟು. ಆದರೆ ಈ ವ್ಯತ್ಯಾಸದಿಂದ ನಾಲ್ಕು ಪಟ್ಟು ಆಗದು.

2021ರ ಅಕ್ಟೋಬರ್ ನಡುವಿನ ತನಕ ಕೇರಳದ ಪಟ್ಟಿಯಲ್ಲಿದ್ದದ್ದೂ 27 ಸಾವಿರದ ಆಸುಪಾಸಿನಷ್ಟೇ. ಆ ವರ್ಷ ಜೂನ್ 30ರಂದು ಸುಪ್ರೀಂ ಕೋರ್ಟು ಸತ್ತವರ ಕುಟುಂಬಗಳಿಗೆ ಪರಿಹಾರ ಕೊಡಬೇಕೆಂದು ಹೇಳಿತು. ಮೊತ್ತ 50 ಸಾವಿರ ರೂಪಾಯಿ ಎಂದಾಯಿತು. ರೋಗ ದೃಢಪಟ್ಟ ಮೂವತ್ತು ದಿನಗಳೊಳಗಿನ ಸಾವುಗಳನ್ನು ಕೋವಿಡಿನವೆಂದು ಎಣಿಸಬೇಕೆಂದಾಯಿತು. ಆಗ ಬಿಟ್ಟುಹೋದ ಹಳೆಯ ಸಾವುಗಳನ್ನು ಕೇರಳ ಒಂದೊಂದಾಗಿ ಸೇರಿಸತೊಡಗಿತು. 2022ರ ಜನವರಿ ಕೊನೆಗೆ ಸಂಖ್ಯೆ ಐವತ್ತು ಸಾವಿರ ದಾಟಿತ್ತು. ನಡುವೆ ಅಷ್ಟು ಮಂದಿಯನ್ನು ಕೊಲ್ಲುವ ಅಲೆಯೇನೂ ಬಂದಿರಲಿಲ್ಲ. ಹಿಂದೆ ಸತ್ತವರು ಪಟ್ಟಿಗೆ ಬಂದರು, ಅಷ್ಟೆ. ಮೊದಲೇ ಏಕೆ ಬರೆಯಲಿಲ್ಲವೆಂದು ಕೇರಳ ಸರಕಾರವನ್ನು ಕೇಳಲೇಬೇಕು. ತಿದ್ದಿಕೊಂಡದ್ದನ್ನೂ ಒಪ್ಪಬೇಕು.

ತಮಿಳುನಾಡೂ ಒಮ್ಮೆ ತಿದ್ದಿಕೊಂಡಿತ್ತು. 2020ರ ಜುಲೈ 22ರಂದು ಚೆನ್ನೈಯಲ್ಲಿ ಬಿಟ್ಟುಹೋದ 444 ಸಾವುಗಳನ್ನು ಒಂದೇ ದಿನ ಸೇರಿಸಿದರು. ಆದರೆ ಎರಡನೆಯ ಅಲೆಯ ನಂತರ, ಅರಪ್ಪೋರ್ ಇಯಕ್ಕಂ ಎಂಬ ಚೆನ್ನೈಯ ಸಂಘಟನೆಯು ಮಧುರೆ, ಕೊಯಮತ್ತೂರು ಮುಂತಾದೆಡೆಯ ಆರು ಸರಕಾರಿ ಆಸ್ಪತ್ರೆಗಳಲ್ಲಿ ಕೊಡಲಾದ ಮರಣ ಪ್ರಮಾಣಪತ್ರಗಳನ್ನು ಎಣಿಸಿ, ಸರಕಾರ ಹೇಳುವುದಕ್ಕಿಂತ ಸಾವುಗಳು ಹಲವು ಪಟ್ಟು ಹೆಚ್ಚೆಂದು ಆಪಾದಿಸಿದಾಗ ಅಂಥ ತಿದ್ದುಪಡಿ ಬರಲಿಲ್ಲ. ಗುಜರಾತಿನದು ಇನ್ನೂ ವಿಚಿತ್ರ: ಪಟ್ಟಿಯಲ್ಲಿ ಹತ್ತು ಸಾವಿರ ಸಾವು, 2022ರ ಜನವರಿಯ ಹೊತ್ತಿಗೆ ಪರಿಹಾರ ಮಂಜೂರಾದ ಅರ್ಜಿಗಳು 68 ಸಾವಿರದ ಮೇಲೆ. ಒಂದೇ ಸರಕಾರದ ಎರಡು ಕಚೇರಿಗಳ ನಡುವೆ ಇಷ್ಟು ಅಂತರವಿದ್ದರೆ ಎರಡು ರಾಜ್ಯಗಳನ್ನು ಹೋಲಿಸುವುದಾದರೂ ಹೇಗೆ? ಬೇರೆ ಬೇರೆ ಪರೀಕ್ಷಕರು ತಮಗೆ ತೋಚಿದಂತೆ ಅಂಕ ಹಾಕಿದ ಉತ್ತರಪತ್ರಿಕೆಗಳನ್ನು ಒಟ್ಟಿಗೆ ರಾಶಿ ಹಾಕಿ ರ‍್ಯಾಂಕು ಕೊಟ್ಟಂತೆ ಇದು.

ಇದು ನಮ್ಮ ದೇಶದ ದೌರ್ಬಲ್ಯ ಮಾತ್ರವೆಂದು ತಿಳಿಯಬೇಕಾಗಿಲ್ಲ. ಯುರೋಪಿನ ಉತ್ತರದಲ್ಲಿ ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಫಿನ್ಲೆಂಡ್ ಎಂಬ ನೆರೆಹೊರೆಯ ಶ್ರೀಮಂತ ದೇಶಗಳಿವೆ. 2020ರಲ್ಲಿ ಉಳಿದ ಮೂವರು ಶಾಲೆ, ಅಂಗಡಿ, ಗಡಿಗಳನ್ನು ಮುಚ್ಚಿದಾಗ ಸ್ವೀಡನ್ ಹದಿನಾರು ವರ್ಷದೊಳಗಿನ ಮಕ್ಕಳ ಶಾಲೆಗಳನ್ನು ತೆರೆದೇ ಇಟ್ಟಿತು. ವರ್ಷದ ಕೊನೆಗೆ ಒಂದು ಕೋಟಿ ಜನರ ಸ್ವೀಡನಿನಲ್ಲಿ ಸತ್ತವರು 8,700ಕ್ಕೂ ಹೆಚ್ಚು. ಅದರ ಅರ್ಧದಷ್ಟು ಜನರ ನಾರ್ವೆಯಲ್ಲಿ ಐನೂರೂ ಇಲ್ಲ. ವೃದ್ಧರನ್ನು ಕಾಪಾಡಲಾಗಲಿಲ್ಲವೆಂದು ಸ್ವೀಡನಿನದೇ ವಿಚಾರಣಾ ಆಯೋಗ ಆ ಡಿಸೆಂಬರಿನಲ್ಲಿ ಬರೆಯಿತು. ಆದರೆ 2022ರವರೆಗಿನ ಮೂರು ವರ್ಷಗಳ ಎಲ್ಲ ಸಾವುಗಳನ್ನೂ ಒಟ್ಟು ಮಾಡಿ ನೋಡಿದಾಗ ಸ್ವೀಡನಿನ ಹೆಚ್ಚುವರಿ ಸಾವು ಯುರೋಪಿನಲ್ಲೇ ಅತಿ ಕಡಿಮೆಯವರ ಸಾಲಿನಲ್ಲಿತ್ತು. ಮೊದಲ ವರ್ಷ ಗೆದ್ದವರೆನಿಸಿದ್ದ ನೆರೆಯವರಲ್ಲಿ ಮೂರನೆಯ ವರ್ಷ ಸಾವುಗಳು ಏರಿದ್ದವು. ಎಣಿಕೆಯ ನಿಯಮಗಳಲ್ಲೂ ವ್ಯತ್ಯಾಸ: ಸ್ವೀಡನ್ ಮೂವತ್ತು ದಿನಗಳೊಳಗಿನ ಸಾವನ್ನೆಲ್ಲ ಎಣಿಸಿದರೆ, ನಾರ್ವೆ ವೈದ್ಯರು ತಿಳಿಸಿದ್ದನ್ನು ಎಣಿಸುತ್ತಿತ್ತು. ಆದರೂ ಅವರು ಜಗಳ ಬಗೆಹರಿಸಿಕೊಳ್ಳಬಲ್ಲರು. ಅಲ್ಲಿ ಯಾವ ಕಾರಣದಿಂದ ಸತ್ತರೂ ಪ್ರತಿಯೊಂದು ಸಾವೂ ಪುಸ್ತಕದಲ್ಲಿದೆ. ನಮ್ಮಲ್ಲಿ 2020ರಲ್ಲಿ ನೋಂದಾವಣೆಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಟ್ಟದ್ದು ನೂರಕ್ಕೆ ಇಪ್ಪತ್ತೆರಡೂವರೆ ಮಾತ್ರ.

ಮತ್ತೆ ಕಾಸರಗೋಡು

2020ರ ಫೆಬ್ರವರಿ 3ರಂದು ದೇಶದ ಮೂರನೆಯ ಕೋವಿಡ್ ರೋಗಿ ಪತ್ತೆಯಾದದ್ದು ಇಲ್ಲಿ. ಏಪ್ರಿಲಿನಲ್ಲಿ ದೇಶದ ಪತ್ರಿಕೆಗಳೆಲ್ಲ ಕಾಸರಗೋಡನ್ನು ಬೊಟ್ಟುಮಾಡುತ್ತಿದ್ದವು. ಮೇ 10ಕ್ಕೆ ಆ ಹಂತದ 178 ರೋಗಿಗಳೂ ಗುಣವಾಗಿ ಮನೆಗೆ ಹೋಗಿದ್ದರು, ಒಬ್ಬರೂ ಸಾಯಲಿಲ್ಲ. ಆದರೆ ಅದೇ ವಾರಗಳಲ್ಲಿ, ಕೋವಿಡ್ ತಾಗದೆ, ಹೃದಯದ ಕಾಯಿಲೆಯಿಂದಲೋ ಮೂತ್ರಪಿಂಡದ ತೊಂದರೆಯಿಂದಲೋ ಮಂಗಳೂರಿಗೆ ಹೋಗಲಾಗದೆ ತೀರಿಕೊಂಡವರಿದ್ದಾರೆ. ಅವರು ಯಾವ ಪಟ್ಟಿಯಲ್ಲಿದ್ದಾರೆ? ಕೇರಳದ ಕೋವಿಡ್ ಪಟ್ಟಿಯಲ್ಲಿಲ್ಲ, ಕರ್ನಾಟಕದ್ದರಲ್ಲೂ ಇಲ್ಲ. ಐವತ್ತು ಸಾವಿರ ರೂಪಾಯಿಯ ಅರ್ಜಿ ಹಾಕಲೂ ಅವರ ಮನೆಯವರಿಗೆ ದಾರಿಯಿರಲಿಲ್ಲ. ಒಟ್ಟು ಸಾವುಗಳ ಲೆಕ್ಕವನ್ನು ಪಂಚಾಯತು ಪಂಚಾಯತಾಗಿ, ತಿಂಗಳು ತಿಂಗಳಾಗಿ ತೆಗೆದರೆ ಮಾತ್ರ ಅವರು ಕಾಣಿಸಿಕೊಂಡಾರು. ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆ, ಎಣ್ಮಕಜೆಗಳ ಮರಣ ನೋಂದಾವಣೆಯ ಪುಸ್ತಕಗಳು ಪಂಚಾಯತು ಕಚೇರಿಗಳಲ್ಲಿಯೇ ಇವೆ. 2019ರ ಮಾರ್ಚ್, ಏಪ್ರಿಲ್, ಮೇ ತಿಂಗಳುಗಳನ್ನು 2020ರ ಅವೇ ತಿಂಗಳುಗಳ ಪಕ್ಕದಲ್ಲಿಟ್ಟು ನೋಡಲು ವಿಜ್ಞಾನಿಗಳೇ ಬರಬೇಕೆಂದಿಲ್ಲ. ನಮ್ಮ ಪಂಚಾಯತು ಸದಸ್ಯರು ಮನಸ್ಸು ಮಾಡಿದರೆ ಸಾಕು.

ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರ ನವೆಂಬರಿನಲ್ಲಿ. ಗಡಿ ಮುಚ್ಚಿದ ಮೇಲೆ, 2020ರ ಏಪ್ರಿಲಿನಲ್ಲಿ, ಅದರ ಒಂದು ಕಟ್ಟಡವನ್ನು ಅವಸರದಿಂದ ಕೋವಿಡ್ ಆಸ್ಪತ್ರೆ ಮಾಡಿದರು. ಆ ಸೆಪ್ಟೆಂಬರಿನಲ್ಲಿ ತೆಕ್ಕಿಲಿನಲ್ಲಿ ಟಾಟಾ ಕಂಪನಿ ಕಟ್ಟಿಕೊಟ್ಟ ಕಂಟೈನರುಗಳ ಆಸ್ಪತ್ರೆ ಬಂತು. ಕಾಲೇಜಿಗೆ ಐವತ್ತು ವಿದ್ಯಾರ್ಥಿಗಳನ್ನು ಸೇರಿಸಲು ಅನುಮತಿ ಸಿಕ್ಕಿದ್ದು 2025ರಲ್ಲಿ. ಶಿಲಾನ್ಯಾಸದಿಂದ ಲೆಕ್ಕ ಹಾಕಿದರೆ ಹನ್ನೆರಡು ವರ್ಷ. ತಿರುಪ್ಪೂರಿನವರಿಗೆ ಕಾಲೇಜು ಬರುವ ಮೊದಲೂ ಐವತ್ತು ಕಿಲೋಮೀಟರಿನಲ್ಲಿ ಸಿಂಗಾನಲ್ಲೂರಿತ್ತು, ನಡುವೆ ರಾಜ್ಯದ ಗಡಿಯಿರಲಿಲ್ಲ. ಮಂಜೇಶ್ವರದವರಿಗೆ ಮಂಗಳೂರು ಅದರ ಅರ್ಧ ದೂರವೂ ಇಲ್ಲ. ನಡುವೆ ತಲಪಾಡಿ ಇತ್ತು.